ಹಕ್ಕಿ ಕಾಯೋದು

ಹೋದ ಎಳ್ಳಮಾಸಿಗೆ ಹೊಲದಾಗ ಚರಗ ಚೆಲ್ಲಿ ಎಲ್ಲಾರೂ ಬನ್ನಿ ಗಿಡದ ಕೆಳಗ ಊಟಕ್ಕ ಕುಂತಿದ್ವಿ. ಸಜ್ಜಿ ರೊಟ್ಟಿ, ಎಣಗಾಯಿ, ಅಗಸಿ ಹಿಂಡಿ, ಎಳ್ಳು ಹೋಳಿಗಿ, ಯಾವುದಕ್ಕೂ ಕಮ್ಮಿ ಇರಲಿಲ್ಲ. ಆ ಹೊತ್ತಿನ್ಯಾಗ ನಮ್ಮ ಕಾಕಾ ಕೈಯಾಗಿನ ರೊಟ್ಟಿ ನನ್ನ ಕಡೆ ತೋರಿಸಿ ಎಲ್ಲಾರಿಗೂ ಕೇಳೋ ಹಂಗ ಅಂದ, "ಇಂವ ಹಕ್ಕಿ ನೋಡಾಕಂತ ಎಂಟು ಸಾವಿರ ಖರ್ಚು ಮಾಡ್ಕೊಂಡು ತಮಿಳುನಾಡಿಗೆ ಹೋಗಿದ್ದ. ಅದ ಎಂಟು ದಿನ ಇಲ್ಲೇ ಕುಂತು ಹಕ್ಕಿ ಕಾಯ್ದಿದ್ರ ಎರಡು ಚೀಲ ಜ್ವಾಳ ಉಳೀತಿದ್ವು." ಎಲ್ಲಾರೂ ನಕ್ರು. ನಮ್ಮವ್ವ ಜಾಸ್ತಿನ ನಕ್ಕಳು. ನಾನೂ ನಕ್ಕೆ, ಆದ್ರ ಆ ಮಾತು ಚಪ್ಪಲಿಯೊಳಗ ಸಿಕ್ಕ ಹಳ್ಳಿನಂಗ ಇವತ್ತಿಗೂ ಚುಚ್ಚತೈತಿ. ಕಾಕಾನ ಲೆಕ್ಕದಾಗ ತಪ್ಪಿರಲಿಲ್ಲ, ಅದು ಒಂದು. ಇನ್ನೊಂದು ಏನಂದ್ರ, ಹಕ್ಕಿ ನೋಡೋದು ಬ್ಯಾರೆ ಹಕ್ಕಿ ಕಾಯೋದು ಬ್ಯಾರೆ ಅಂತ ಅಂವ ಎಷ್ಟು ಸಲೀಸಾಗಿ ಗೆರಿ ಕೊರದು ಇಟ್ಟುಬಿಟ್ಟ. ನಾನು ಕೋಡಿಯಕರೈದಾಗ ಇದ್ದ ದಿನಗಳನ್ನ ಆ ಗೆರಿಯ ಯಾವ ಕಡೆ ಇಡಬೇಕು ಅಂತ ಅವತ್ತಿಂದ ಯೋಚನೆ ಮಾಡಾಕತ್ತೀನಿ.

ಮಂಚಿಕಿ ಮ್ಯಾಲ

ನಮ್ಮ ಕಡೆ ಅಜ್ಜಿಗೆ ಅಮ್ಮ ಅಂತೀವಿ. ನಮ್ಮಮ್ಮ ಹಿಂಗಾರಿ ಜ್ವಾಳ ಹಾಲ್ದೆನಿ ಆದ ದಿನದಿಂದ ಕೊಯ್ಲು ಮುಗಿಯೋತನಕ ಹೊಲದಾಗ ಮಂಚಿಕಿ ಮ್ಯಾಲ ಇರ್ತಿದ್ಲು. ನಾಲ್ಕು ಜಾಲಿ ಗೂಟ, ಮ್ಯಾಲ ತೊಗರಿ ಕಟಿಗಿ ಹಾಸು, ಕಂಬಳಿ, ಒಂದು ತಗಡಿನ ಡಬ್ಬಿ, ಪುಂಡಿ ನಾರಿನ ಕವಣಿ, ಉಡಿಯಾಗ ಕಲ್ಲು. ಶಾಲಿ ಸೂಟಿ ಇದ್ದಾಗ ನಾನೂ ಮ್ಯಾಲ. ಸೀತನಿ ಸುಟ್ಟು ತಿನ್ನೋ ಆಸಿಗೆ ಹೋಗ್ತಿದ್ದೆ, ಸುಳ್ಳು ಯಾಕ ಹೇಳಬೇಕು.

ಬರೋ ಹಕ್ಕಿಗೆ ಅಮ್ಮ ಜ್ವಾಳದ ಹಕ್ಕಿ ಅಂತಿದ್ಲು, ಅದು ರೋಸಿ ಸ್ಟಾರ್ಲಿಂಗ್ ಅಂತ ನನಗ ಗೊತ್ತಾಗಿದ್ದು ಮೂವತ್ತು ದಾಟಿದ ಮ್ಯಾಲ. ಕಜಾಕಿಸ್ತಾನದ ಕಡೆ ಹುಲ್ಲುಗಾವಲಿನ್ಯಾಗ ಮರಿ ಮಾಡಿ, ಅಲ್ಲಿಂದ ಹೊಂಟು ನಮ್ಮ ಎರಿ ಹೊಲಕ್ಕ ಬರ್ತಾವ ಅಂತ ಆಕಿಗೆ ಯಾರೂ ಹೇಳಿರಲಿಲ್ಲ. ಆದ್ರ ಅವು ಮುಂಜಾನೆ ಯಾವ ದಿಕ್ಕಿನಿಂದ ಬರ್ತಾವ, ಮೊದಲು ಯಾವ ಬೇವಿನ ಗಿಡದ ಮ್ಯಾಲ ಕೂಡ್ತಾವ, ಅದರಾಗಿಂದ ಹತ್ತು ಹನ್ನೆರಡು ಹಕ್ಕಿ ಮುಂದ ಇಳಿದು ನೋಡಿ, ಏನೂ ಆಗಲಿಲ್ಲಂದ್ರ ಉಳಿದ ಹಿಂಡು ಹೆಂಗ ಚಾಪಿ ಹಾಸಿದಂಗ ಬೀಳ್ತದ ಅನ್ನೋದು ಎಲ್ಲಾ ಆಕಿಗೆ ಗೊತ್ತಿತ್ತು. ಹಾರೋ ಹಿಂಡಿಗೆ ಕಲ್ಲು ಬೀಸ್ತಿರಲಿಲ್ಲ. "ಕಲ್ಲು ದಂಡ, ರಟ್ಟಿ ದಂಡ" ಅಂತಿದ್ಲು. ಮೊದಲಿನ ಹತ್ತು ಹನ್ನೆರಡು ಇಳಿಯೋತನಕ ಉಸಿರು ಹಿಡ್ಕೊಂಡು ಕುಂತು, ಆಮ್ಯಾಲ ಎದ್ದು ಕವಣಿ ತಿರುವಿ, ಹಾ... ಹೋ... ಅಂತ ಒದರಿದ್ರ ಆಚಿ ಹೊಲದೋರೂ ಒದರ್ತಿದ್ರು, ಹಿಂಡು ಹೊಲದಿಂದ ಹೊಲಕ್ಕ ಚೆಂಡಿನಂಗ ಹೋಗ್ತಿತ್ತು. ಬೇವಿನ ಗಿಡದ ಕೆಳಗಿನ ನಾಲ್ಕು ಸಾಲು ಮಾತ್ರ ಆಕಿ ಕಾಯ್ತಿರಲಿಲ್ಲ. ಹಕ್ಕಿಗೂ ಹೊಟ್ಟಿ ಐತಿ ಅನ್ನೋ ಧರ್ಮಕ್ಕ ಬಿಟ್ಟಿದ್ದಳು ಅಂತ ನಾನು ಬಾಳ ದಿನ ಎಲ್ಲಾರ ಮುಂದ ಹೇಳ್ಕೊಂಡು ತಿರುಗೀನಿ. ಆಮ್ಯಾಲ ಅವ್ವ ಹೇಳಿದ್ಲು, ಅಲ್ಲಿಗೆ ಕವಣಿ ಕಲ್ಲು ಮುಟ್ಟತಿರಲಿಲ್ಲ, ಅದಕ್ಕ ಬಿಟ್ಟಿದ್ಲು.

ಈಗ ನಮ್ಮ ಸುತ್ತಮುತ್ತ ಜ್ವಾಳ ಕಮ್ಮಿ ಆಗೇತಿ, ಮೆಕ್ಕಿಜ್ವಾಳ, ಕಡ್ಲಿ, ನೀರಿದ್ದೋರು ದಾಳಿಂಬ್ರಿ. ಮಂಚಿಕಿ ಕಟ್ಟೋರು ಇಲ್ಲ. ಮೊನ್ನೆ ಒಬ್ರು ಹೊಲದಾಗ ಮೈಕಿಗೆ ಹಾ ಹೋ ಅನ್ನೋದು ರೆಕಾರ್ಡ್ ಮಾಡಿ ಬಿಟ್ಟಿದ್ರು. ಹಕ್ಕಿ ಮೈಕಿನ ಮ್ಯಾಲ ಕುಂತಿದ್ವು.

ಕಡಲ ಗಾಳಿಗೆ ಕಡಕ್ ರೊಟ್ಟಿ

ನಾನು ಕೊಪ್ಪಳದಾಗ ಒಂದು ಆಫೀಸಿನ್ಯಾಗ ಎಸ್‌ಡಿಎ. ದಿನಾ ಎಂಟ್ರಿ ಮಾಡೋದು, ಎಂಟ್ರಿ ತಿದ್ದೋದು. ಹಕ್ಕಿ ಹುಚ್ಚು ಹತ್ತಿದ್ದು ತುಂಗಭದ್ರಾ ಹಿನ್ನೀರಿನ್ಯಾಗ ಪಟ್ಟೆತಲೆ ಹೆಬ್ಬಾತು ನೋಡಿದ ಮ್ಯಾಲ. ಒಬ್ಬ ಗೆಳೆಯ ಕೋಡಿಯಕರೈದಾಗ, ಎಲ್ಲಿಂದ ಎಲ್ಲಿಗೆ ಹೋಗ್ತಾವ ಅಂತ ಗೊತ್ತಾಗಾಕ ಹಕ್ಕಿ ಕಾಲಿಗೆ ನಂಬರಿನ ಉಂಗುರ ಹಾಕೋ ಕ್ಯಾಂಪಿನ್ಯಾಗ ಕೈಗೂಡಿಸಾಕ ಜನ ಬೇಕಂತ ಅಂದ, ಮ್ಯಾಪಿನ್ಯಾಗ ಪಾಯಿಂಟ್ ಕ್ಯಾಲಿಮಿಯರ್ ಅಂತ ಇರತೈತಲ್ಲ, ಅದು. ರಜಾ ಹಾಕಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರು, ಅಲ್ಲಿಂದ ಬಸ್ಸು ಬದಲಿಸ್ಕೋತ ವೇದಾರಣ್ಯಂ. ತಮಿಳುನಾಡಿನ ಕರಾವಳಿ ಅಲ್ಲಿ ಒಮ್ಮೆಲೆ ಮೊಣಕೈ ಮಡಚಿದಂಗ ತಿರುಗತೈತಿ, ಒಂದು ಕಡೆ ಬಂಗಾಳ ಕೊಲ್ಲಿ, ಇನ್ನೊಂದು ಕಡೆ ಪಾಕ್ ಜಲಸಂಧಿ, ಆಚಿ ಲಂಕಾ. ಉತ್ತರದಿಂದ ಇಳಿದು ಬಂದ ಹಕ್ಕಿಗೆ ಅಲ್ಲಿಗೆ ನೆಲ ಮುಗೀತು. 1930ರಾಗ ರಾಜಾಜಿ ತಿರುಚಿಯಿಂದ ನಡಕೊಂಡು ಬಂದು ಉಪ್ಪು ತಗದಿದ್ದು ಇದ ವೇದಾರಣ್ಯದಾಗ, ನಮ್ಮೋರು ಅಂಕೋಲಾದಾಗ ತಗದ ವರ್ಷನ. ಈಗಲೂ ಉಪ್ಪಿನ ಗುಡ್ಡಿ ರಸ್ತಿ ಬದಿಗೆ ರಾಶಿ ಹಾಕಿರ್ತಾರ, ತಾಡಪತ್ರಿ ಮುಚ್ಚಿರ್ತಾರ, ಕಣದಾಗಿನ ಜ್ವಾಳದ ರಾಶಿಯಂಗ.

ಒಂಬತ್ತು ಜನ ಇದ್ವಿ. ಕೇರಳದ ಒಬ್ಬ ಪಿಎಚ್‌ಡಿ ಹುಡುಗಿ, ಮಧುರೈಯಿಂದ ಇಬ್ರು ಕಾಲೇಜ್ ಹುಡುಗ್ರು, ಪುಣೆಯ ಒಬ್ರು ರಿಟೈರ್ಡ್ ಬ್ಯಾಂಕ್ ಮ್ಯಾನೇಜರ್, ಬಿಹಾರದ ಮೀರ್‌ಶಿಕಾರ್ ಮನೆತನದ ಒಬ್ರು ಹಿರಿಯರು, ಎಲ್ಲಾರೂ ಅವರಿಗೆ ಚಾಚಾ ಅಂತಿದ್ರು. ತಲತಲಾಂತರದಿಂದ ಹಕ್ಕಿ ಹಿಡಿಯೋದ ಅವರ ಮನೆತನದ ಕಸಬು, ಆ ವಿದ್ಯೆನ ಆಮ್ಯಾಲ ಹಿಡಿದು ಬಿಡೋ ಕೆಲಸಕ್ಕ ಬಂತು. ಮಲಗೋದು ಒಂದ ಹಾಲಿನ್ಯಾಗ ಸಾಲಾಗಿ. ಗ್ವಾಡಿ ಮ್ಯಾಲ ಪಾಳಿ ಚೀಟಿ, ಇವತ್ತು ನೀರು ಯಾರು ತರಬೇಕು, ಪಾತ್ರಿ ಯಾರು ತಿಕ್ಕಬೇಕು, ಬಲಿ ಯಾರು ಬಿಡಿಸಬೇಕು. ಬಾವಿ ನೀರು ಸವಳು, ಸಾಬೂನು ಎಷ್ಟು ತಿಕ್ಕಿದ್ರೂ ನೊರಿ ಏಳಂಗಿಲ್ಲ, ಮೂರನೇ ದಿನಕ್ಕ ಎಲ್ಲಾರ ತೆಲಿಗೂದಲೂ ಹಗ್ಗ ಆಗಿದ್ವು. ಬ್ಯಾಂಕ್ ಮ್ಯಾನೇಜರ್ ಸಾಹೇಬ್ರು ಗೊರಕಿ ಹೊಡೀತಿದ್ರು. ಅವರ ಮಗ್ಗುಲಿನ ಜಾಗ ಯಾರಿಗೆ ಅನ್ನೋದಕ್ಕೂ ಒಂದು ಪಾಳಿ ಬೇಕಿತ್ತು, ಯಾರೂ ಬಾಯಿ ಬಿಟ್ಟು ಹೇಳಲಿಲ್ಲ, ಕೊನಿಗೆ ಬಂದೋರು ಅಲ್ಲಿ ಮಲಗ್ತಿದ್ರು, ಅಷ್ಟ.

ನಾನು ಮನಿಯಿಂದ ಮೂವತ್ತು ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಸ್ಕೊಂಡು ಹೋಗಿದ್ದೆ. ನಮ್ಮೂರಾಗ ತಿಂಗಳಗಟ್ಟಲೆ ಇಟ್ರೂ ಪಟ್ ಅಂತ ಮುರಿಯೋ ರೊಟ್ಟಿ, ಅಲ್ಲಿ ಗಂಟು ಬಿಚ್ಚಿ ಇಟ್ಟ ಒಂದ ರಾತ್ರಿಗೆ ಕಡಲ ಗಾಳಿ ಕುಡದು ಹಸಿ ಚರ್ಮದಂಗ ಆಗಿದ್ವು. ನನಗ ಅಳು ಬರೋದೊಂದು ಬಾಕಿ. ಚಾಚಾ ಒಂದು ತಗೊಂಡು ಒಲಿ ಕೆಂಡದ ಮ್ಯಾಲ ಎರಡು ಸಲ ತಿರುವಿ ಹಾಕಿದ್ರು, ಮತ್ತ ಕಡಕ್ ಆತು. ಉಳ್ಳಾಗಡ್ಡಿ ಗುದ್ದಿ ಇಟ್ಕೊಂಡು ತಿಂದು, ಇನ್ನೊಂದು ಕೊಡು ಅಂದ್ರು. ಎರಡು ದಿನದಾಗ ಗಂಟು ಖಾಲಿ.

ಹಗಲಿನ ಕೆಲಸ ಏನಂದ್ರ ಎಣಿಸೋದು. ಐದಕ್ಕ ಎದ್ದು ಕರಿ ಚಹಾ ಕುಡದು ಜೌಗಿನ ಬದುವಿಗೆ ಹೋಗಿ ನಿಂತ್ರ ರಾಜಹಂಸದ ಸಾಲು ದೂರಕ್ಕ ಗುಲಾಬಿ ಗೆರಿ ಕಾಣ್ತಿತ್ತು, ಅಳತಿಗೆ ಸಿಗದಷ್ಟು ದೂರ. ಹತ್ತಿರ ಕೆಸರಿನ್ಯಾಗ ಸಣ್ಣ ಗೊರವಗಳು, ಕುಕ್ಕೋದು ಓಡೋದು, ಕುಕ್ಕೋದು ಓಡೋದು. ಮೈಲಾರದ ಜಾತ್ರಿ ಬಲ್ಲ ನಮಗ ಗೊರವ ಅಂದ್ರ ಕಂಬಳಿ ಹೊದ್ದು ಡಮರುಗ ಹಿಡಿದ ಗೊರವಪ್ಪನ ನೆನಪಾಗೋದು. ಅವರ ಕುಣಿತದ ಹೆಜ್ಜಿ ಈ ಹಕ್ಕಿ ನಡಿಗ್ಯಾಗ ನೋಡಿ ನನಗ ಒಬ್ಬಂವಗ ನಗು ಬಂತು, ಯಾರಿಗೆ ಹೇಳಲಿ. ಚಿಗರಿ ಹಿಂಡು ಕಂಡ ಕೂಡ್ಲೇ ಮಧುರೈ ಹುಡುಗ್ರು ಕ್ಯಾಮೆರಾ ಎತ್ತಿದ್ರು. ಕುಕನೂರು, ಯಲಬುರ್ಗಾ ಕಡಿಯೋರಿಗೆ ಚಿಗರಿ ಏನು ಹೊಸಾದ್ರಿ, ನಮ್ಮ ಕಡ್ಲಿ ಹೊಲ ಮೇಯ್ದು ಹೋಗಾವು ಅವು.

ಸತ್ತಾನವೆ

ಖರೇ ಕೆಲಸ ಕತ್ತಲಾದ ಮ್ಯಾಲ. ಬೆಳದಿಂಗಳಿದ್ರ ಹಕ್ಕಿಗೆ ಬಲಿ ಕಾಣತೈತಿ, ಹಂಗಾಗಿ ಕ್ಯಾಂಪ್ ಇಟ್ಟಿದ್ದು ಅಮಾಸಿ ಎಡಬಲಕ್ಕ. ಸಂಜಿಮುಂದ ಉಪ್ಪಿನ ಮಡಿಗಳ ನಡುವ ಗಳ ನೆಟ್ಟು ಮಿಸ್ಟ್ ನೆಟ್ ಕಟ್ಟೋದು. ಕೂದಲೆಳಿಯಂಥಾ ಕರಿ ಬಲಿ, ಕಟ್ಟಿದೋರಿಗೂ ಕಾಣಂಗಿಲ್ಲ, ನಾನ ಎರಡು ಸಲ ಮಾರಿ ಸಿಗಿಸ್ಕೊಂಡೆ. ಆಮ್ಯಾಲ ದೂರ ಬಂದು ಲೈಟ್ ಆರಿಸಿ ಬದುವಿನ ಮ್ಯಾಲ ಕೂಡೋದು. ಅರ್ಧ ತಾಸಿಗೊಮ್ಮೆ ಇಬ್ರು ಎದ್ದು ಮೊಣಕಾಲು ಮಟ ಕೆಸರಿನ್ಯಾಗ ಹೋಗಿ ಬಲಿ ನೋಡಿ, ಸಿಕ್ಕ ಹಕ್ಕಿ ಬಿಡಿಸಿ, ಅರಿಬಿ ಚೀಲದಾಗ ಒಂದೊಂದನ್ನ ಇಟ್ಕೊಂಡು ಬರೋದು. ಉಳಿದ ಹೊತ್ತು ಮಾತಿಲ್ಲ, ಫೋನ್ ಇಲ್ಲ, ಬರೀ ಸೊಳ್ಳಿ.

ಒಂದು ರಾತ್ರಿ ಹಿಂಗ ಕುಂತಾಗ ಚಾಚಾ ಕೇಳಿದ್ರು, ನೀನು ಕರ್ನಾಟಕದಂವ ಅಲ್ಲೇನು, ಈ ಕೆಲಸ ಶುರು ಆಗಿದ್ದ ನಿಮ್ಮ ರಾಜ್ಯದ ಮಂಗನ ಸಲುವಾಗಿ. ನನಗ ಅರ್ಥ ಆಗಲಿಲ್ಲ. ಆಮ್ಯಾಲ ಪಿಎಚ್‌ಡಿ ಹುಡುಗಿ ಬಿಡಿಸಿ ಹೇಳಿದ್ಲು. 1957ರಾಗ ಸೊರಬದ ಕ್ಯಾಸನೂರು ಕಾಡಿನ್ಯಾಗ ಮಂಗ ಸಾಯಾಕ ಹತ್ತಿದ್ವು, ಜನಾನೂ ಸತ್ರು, ಅದ ನಾವು ಈಗಲೂ ಮಂಗನ ಕಾಯಿಲೆ ಅನ್ನೋದು. ಆ ವೈರಸ್ ರಷ್ಯಾದ ಕಡಿಯ ಒಂದು ಮೆದುಳು ಜ್ವರದ ವೈರಸ್ಸಿಗೆ ಹತ್ತಿರದ ಸಂಬಂಧಿ ಅಂತ ಗೊತ್ತಾದ ಮ್ಯಾಲ, ಸೈಬೀರಿಯಾದಿಂದ ಬರೋ ಹಕ್ಕಿ ಮೈಮ್ಯಾಲ ಉಣ್ಣಿ ಕುಂತು ಇಲ್ಲಿಗೆ ತಂದ್ವೇನೋ ಅನ್ನೋ ಅನುಮಾನ ಬಂತು. ವಿಶ್ವ ಆರೋಗ್ಯ ಸಂಸ್ಥೆ ರೊಕ್ಕ ಕೊಟ್ಟಿತು, ಸಲೀಂ ಅಲಿ ಮುಂದ ನಿಂತು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯಿಂದ 1959ರಾಗ ದೊಡ್ಡ ಪ್ರಮಾಣದಾಗ ಉಂಗುರ ಹಾಕೋದು ಶುರು ಮಾಡಿದ್ರು. ಹಕ್ಕಿ ಮ್ಯಾಲಿನ ಅನುಮಾನ ಸಾಬೀತಾಗಲಿಲ್ಲ. ಉಂಗುರದ ಕೆಲಸ ಮಾತ್ರ ಉಳೀತು, ಕೋಡಿಯಕರೈ 1967ರಾಗ ಅಭಯಾರಣ್ಯ ಆತು, 2002ರಾಗ ರಾಮ್ಸಾರ್ ಪಟ್ಟಿಗೆ, ಅಂದ್ರ ಜಗತ್ತಿನ ಮುಖ್ಯ ಜೌಗು ನೆಲಗಳ ಪಟ್ಟಿಗೆ ಸೇರಿತು. ಆರೋಪಿ ಮ್ಯಾಲಿನ ಕೇಸು ಬಿದ್ದು ಹೋಗಿ, ಅಂವ ಎಲ್ಲೆಲ್ಲಿ ತಿರುಗ್ತಾನ ಅಂತ ಬರಕೊಳ್ಳೋ ರಜಿಸ್ಟರ್ ಮಾತ್ರ ಉಳಿದಂಗ. ಆಫೀಸಿನಂವ ನಾನು, ನನಗ ಈ ಕತಿ ಬಾಳ ಹಿಡಿಸ್ತು.

ನನ್ನ ಕೈ ಒರಟು ಅಂತ ಹಕ್ಕಿ ಹಿಡಿಯಾಕ ಕೊಡಲಿಲ್ಲ, ಬರಿಯೋ ಕೆಲಸ ಕೊಟ್ರು. ಅದು ನನಗ ನೀರು ಕುಡದಂಗ. ಒಬ್ರು ಚೀಲದಿಂದ ಹಕ್ಕಿ ತಗದು ಕಾಲಿಗೆ ಅಲ್ಯೂಮಿನಿಯಂ ಉಂಗುರ ಇಟ್ಟು ಇಕ್ಕಳದಿಂದ ಒತ್ತಿ ನಂಬರ್ ಹೇಳ್ತಾರ, ಆಮ್ಯಾಲ ರೆಕ್ಕಿ ಎಷ್ಟು ಮಿಲಿಮೀಟರ್, ಕೊಕ್ಕು ಎಷ್ಟು, ಕಾಲು ಎಷ್ಟು, ತೂಕ, ಹಳೇ ಗರಿ ಎಷ್ಟು ಉದುರ್ಯಾವ, ಎಷ್ಟು ಹೊತ್ತಿಗೆ ಸಿಕ್ತು. ನಾನು ಬರದು ತಿರುಗಿ ಓದಿ ಹೇಳಬೇಕು. ಲಿಟ್ಲ್ ಸ್ಟಿಂಟ್ ಅಂತ ಒಂದು ಹಕ್ಕಿ, ತಕ್ಕಡ್ಯಾಗ ಇಟ್ರ 22 ಗ್ರಾಂ. ಒಂದು ಹಿಡಿ ಜ್ವಾಳಕ್ಕಿಂತ ಕಮ್ಮಿ. ಅದು ಆರ್ಕ್‌ಟಿಕ್ ತೀರದ ಹತ್ತಿರ ಹುಟ್ಟಿ ಇಲ್ಲಿಗೆ ಬಂದೈತಿ ಅಂತ ಪುಸ್ತಕದಾಗ ಓದೋದು ಬ್ಯಾರೆ, ಅದರ ಕಣ್ಣು ಹೆಡ್‌ಲ್ಯಾಂಪ್ ಬೆಳಕಿನ್ಯಾಗ ಪಿಳಿಪಿಳಿ ಮಾಡೋದು ನೋಡಿ "22" ಅಂತ ಬರಿಯೋದು ಬ್ಯಾರೆ.

ತಪ್ಪು ಆಗಿದ್ದು ರಾತ್ರಿ ಒಂದೂವರಿ ಸುಮಾರಿಗೆ. ಹನ್ನೊಂದು ಚೀಲ ಕಾಯ್ಕೋತ ಕುಂತಿದ್ವು, ಹಕ್ಕಿನ ಬಾಳ ಹೊತ್ತು ಇಟ್ಕೋಬಾರದು ಅನ್ನೋ ಅವಸರ, ಚಾಚಾ ಅಳತಿ ಹಿಂದಿಯಾಗ ಹೇಳಾಕ ಶುರು ಮಾಡಿದ್ರು. ನನ್ನ ಹಿಂದಿ ಐವತ್ತರ ತನಕ ಗಟ್ಟಿ. ಅದರ ಮುಂದ ಸತ್ತಾವನ್, ಸತ್ತಾಸಿ, ಸತ್ತಾನವೆ ಎಲ್ಲಾ ಒಂದ ತಾಯಿ ಮಕ್ಕಳು. ಒಂದು ಸ್ಟಿಂಟಿಗೆ ರೆಕ್ಕಿ 87 ಅಂತ ಬರದೆ, ತಿರುಗಿ ಓದುವಾಗ ಇಂಗ್ಲಿಷಿನ್ಯಾಗ ಗಡಬಡಿಸಿ ಓದಿದೆ, ಆಚಿ ಕಡಿಯಿಂದ ಹೂಂ ಅಂದ್ರು. ಹಕ್ಕಿ ಹಾರಿ ಹೋತು. ಮಲಗಾಕ ಹೋದಾಗ ಮೂರು ಗಂಟಿ. ಗೊರಕಿ ಮಗ್ಗುಲಿಗೆ ಅಡ್ಡಾದೆ, ಆದ್ರ ನಿದ್ದಿ ಬರದಂಗ ಮಾಡಿದ್ದು ಗೊರಕಿ ಅಲ್ಲ. ಅವತ್ತು ಬರದ ಸ್ಟಿಂಟುಗಳೆಲ್ಲ ತೊಂಬತ್ತರ ಮ್ಯಾಲನ ಇದ್ವು. ಇದೊಂದ ಯಾಕ 87?

ನಮ್ಮ ಆಫೀಸಿನ್ಯಾಗ ಸರ್ವೆ ನಂಬರಿನ ಒಂದು ಅಂಕಿ ತಪ್ಪಿದ್ರ ರೈತ ಎರಡು ವರ್ಷ ತಿದ್ದುಪಡಿಗೆ ಅಡ್ಡಾಡ್ತಾನ. ನಾವು, ಅರ್ಜಿ ಕೊಡ್ರಿ, ಮುಂದಿನ ಸೋಮವಾರ ಬರ್ರಿ ಅಂತೀವಿ. ತಪ್ಪು ನಮ್ಮದು ಅಂತ ಅಂದಿದ್ದು ನನಗ ನೆನಪಿಲ್ಲ. ಮುಂಜಾನೆ ಚಹಾ ಸೋಸುವಾಗ ನಾನ ಹೇಳಿದೆ, ಹಿಂಗಿಂಗ ಆಗೇತಿ ಅಂತ. ಯಾರೂ ಬೈಲಿಲ್ಲ. ಪಿಎಚ್‌ಡಿ ಹುಡುಗಿ ಪುಸ್ತಕ ತರಿಸಿ ನೋಡಿದ್ಲು. ಉಂಗುರದ ನಂಬರ್ ತಪ್ಪಿದ್ರ ಪತ್ತೆ ಹಚ್ಚಬಹುದಿತ್ತಂತ, ಉಂಗುರ ತಂತಿಗೆ ಪೋಣಿಸಿ ನಂಬರಿನ ಪ್ರಕಾರ ಸಾಲಾಗಿ ಇರ್ತಾವ, ಮುಂದಿಂದು ಹಿಂದಿಂದು ನೋಡಿದ್ರ ನಡುವಿಂದು ಸಿಗತೈತಿ. ರೆಕ್ಕಿ ಅಳತಿ ಹಂಗಲ್ಲ, ಹಕ್ಕಿ ಜೋಡಿನ ಹಾರಿ ಹೋತು. "97 ಇರಬೇಕು, 97 ಮಾಡಿಬಿಡ್ರಿ" ಅಂತ ನಾನ ಅಂದೆ, ಸಮಾಧಾನಕ್ಕ. ಆಕಿ ತೆಲಿ ಅಲ್ಲಾಡಿಸಿ ಆ 87ರ ಮ್ಯಾಲ ಒಂದ ಒಂದು ಗೆರಿ ಎಳೆದು, ಕೆಳಗಿನ ಅಂಕಿ ಓದಾಕ ಬರೋ ಹಂಗ, ಬದಿಗೆ ತನ್ನ ಸಹಿ ಹಾಕಿ, ನನ್ನ ಕಡೆಯಿಂದಾನೂ ಹಾಕಿಸಿದ್ಲು. ಆ ಜಾಗ ಖಾಲಿ ಬಿಟ್ಲು. ಆಮ್ಯಾಲ ಪಾತ್ರಿ ಪಾಳಿ ನಂದು ಅಂತ ನೆನಪು ಮಾಡಿದ್ಲು.

ಕೊನಿ ರಾತ್ರಿ ಚಾಚಾ ಒಂದು ಹಕ್ಕಿ ನನ್ನ ಅಂಗೈಯಾಗ ಇಟ್ಟು, ಕುಕ್ಕರಗಾಲಿನ್ಯಾಗ ಕುಂತು ಬಿಡು ಅಂದ್ರು, ಲೈಟಿಗೆ ಬೆನ್ನು ಮಾಡಿ. ಅಂಗೈಯಾಗ ಬಿಸಿ, ಎದಿಬಡಿತ ಅಂತ ಎಣಿಸಾಕ ಆಗದಷ್ಟು ಸಣ್ಣ ನಡುಕ. ಎರಡು ಕ್ಷಣ ಕುಂತಿತ್ತು. ಆಮ್ಯಾಲ ಕೈ ಹಗುರ ಆತು. ಯಾವ ಕಡೆ ಹೋತು ಗೊತ್ತಿಲ್ಲ, ಕತ್ತಲಾಗ ನೋಡಾಕ ಏನೂ ಇರಲಿಲ್ಲ. ಆ ಉಂಗುರದ ಸುದ್ದಿ ಎಲ್ಲಿಂದಾದ್ರೂ ಬರ್ತದೇನ್ರಿ ಅಂದೆ. ಬಾಳಷ್ಟರದು ಬರಂಗಿಲ್ಲ, ಬಂದ್ರ ಕಾಗದ ಬರತೈತಿ ಅಂದ್ರು ಚಾಚಾ, ಬೀಡಿ ಹಚ್ಕೊಂಡು.

ಒಂದು ಕ್ರಿಯಾಪದ

ನಮ್ಮ ಭಾಷೆಯೊಳಗ ಕಾಯೋದು ಅನ್ನೋ ಒಂದ ಮಾತಿನ್ಯಾಗ ಎಷ್ಟು ತುರುಕ್ಯಾರ ನೋಡ್ರಿ. ಹೊಲ ಕಾಯ್ತೀವಿ, ದನ ಕಾಯ್ತೀವಿ, ಬಸ್ಸಿಗೂ ಕಾಯ್ತೀವಿ, ಒಲಿ ಮ್ಯಾಲ ನೀರೂ ಕಾಯ್ತದ. ಕಾಕಾ ಹೇಳಿದ್ದು ಹೊಲ ಕಾಯೋ ಕಾಯೋದು. ಕೋಡಿಯಕರೈದಾಗ ನಾವು ಮಾಡಿದ್ದು ಬಸ್ ಸ್ಟ್ಯಾಂಡಿನ ಕಾಯೋದು ಅಂತ ಮೊದಲು ಅನ್ಕೊಂಡಿದ್ದೆ. ಆದ್ರ ಅಮ್ಮ ಮಂಚಿಕಿ ಮ್ಯಾಲ ಉಸಿರು ಹಿಡ್ಕೊಂಡು ಕುಂತಿದ್ಲಲ್ಲ, ಮೊದಲಿನ ಹತ್ತು ಹನ್ನೆರಡು ಇಳಿಯೋತನಕ, ಆ ಕಾಯೋದು ಯಾವುದರಾಗ ಬರತೈತಿ? ಕವಣಿ ಬೀಸಿದ್ದು ದಿನಕ್ಕ ಎಷ್ಟು ಹೊತ್ತು, ಎಲ್ಲಾ ಕೂಡಿಸಿದ್ರ ಅರ್ಧ ತಾಸು. ಉಳಿದಿದ್ದೆಲ್ಲ ನೋಡೋದ ಇತ್ತು. ಆಕಿ ಬರಕೊಳ್ಳಿಲ್ಲ, ಅಷ್ಟ ಫರಕು.

ವಾಪಸ್ ಬಂದ ಮ್ಯಾಲ ನಾನು ಹಗರಿಬೊಮ್ಮನಹಳ್ಳಿ ಹತ್ತಿರದ ಅಂಕಸಮುದ್ರಕ್ಕ ಹೋಗಿದ್ದೆ, ಮೊದಲು ಬಳ್ಳಾರಿ ಜಿಲ್ಲಾದಾಗ ಇತ್ತು, ಈಗ ವಿಜಯನಗರ. 2017ರಾಗ ಪಕ್ಷಿ ಸಂರಕ್ಷಣಾ ಮೀಸಲು ಅಂತ ಆತು, 2024ರ ಜನವರಿಯಾಗ ಮಾಗಡಿ ಕೆರೆ, ಅಘನಾಶಿನಿ ಅಳಿವೆ ಜೋಡಿ ರಾಮ್ಸಾರ್ ಪಟ್ಟಿಗೆ ಸೇರಿತು. ನೀರಾಗ ಮುಳುಗಿದ ಜಾಲಿ ಗಿಡಗಳ ಮ್ಯಾಲ ಬಣ್ಣದ ಕೊಕ್ಕರಿ ಗೂಡು, ಮರಿಗಳ ಗದ್ದಲ, ನಾತ. ಬಾಳ ಚಂದ ಐತಿ, ಹೋಗಿ ಬರ್ರಿ. ಸಿರುಗುಪ್ಪದ ಎರಿ ಹೊಲಕ್ಕ ಎರೆಭೂತ, ಅಂದ್ರ ಗ್ರೇಟ್ ಇಂಡಿಯನ್ ಬಸ್ಟರ್ಡ್, ಹುಡುಕ್ಕೋತ ಮೂರು ಸಲ ಹೋದೆ. ದೇಶದಾಗ ಕೈಬೆರಳಿಗೆ ಸಿಗೋ ಜಾಗದಾಗ ಮಾತ್ರ ಉಳಿದ ಹಕ್ಕಿ ಅದು. ಮೂರು ಸಲಾನೂ ಗಾಳಿ, ಕಡ್ಲಿ ಹೊಲ, ದೂರಕ್ಕ ಒಂದು ಟ್ರ್ಯಾಕ್ಟರ್. ಆ ಮೂರೂ ದಿನ ಡೈರಿಯೊಳಗ ಸೊನ್ನಿ ಅಂತ ಬರದು ಸಹಿ ಹಾಕೀನಿ. ಆಫೀಸಿನ್ಯಾಗೂ ಈಗ ತಪ್ಪು ಎಂಟ್ರಿ ಕಂಡ್ರ ಒಂದ ಗೆರಿ ಎಳೀತೀನಿ, ವೈಟ್ನರ್ ಹಚ್ಚಂಗಿಲ್ಲ. ಅದರಿಂದ ರೈತಗ ಏನೂ ಉಪಯೋಗ ಆಗಿಲ್ಲ ಅನ್ನೋದೂ ಖರೇನ.

ಎಳ್ಳಮಾಸಿ ಮುಗಿದು ಹದಿನೈದು ದಿನಕ್ಕ ಕಾಕಾ ಫೋನ್ ಮಾಡಿದ. "ಐತವಾರ ಸೂಟಿ ಐತಲ್ಲೋ ತಮ್ಮಾ, ಬಾ. ಹಕ್ಕಿ ಬಂದಾವು." ಹೋದೆ. ಮಂಚಿಕಿ ಇಲ್ಲ, ಟ್ರ್ಯಾಕ್ಟರ್ ಟ್ರೇಲರ್ ಮ್ಯಾಲ ನಿಂತ್ವಿ. ಹಿಂಡು ಬೇವಿನ ಗಿಡದ ಮ್ಯಾಲ ಕುಂತಿತ್ತು, ಅದ ಗಿಡ. ಬೈನಾಕ್ಯುಲರ್ ಕಾಕಾನ ಕೊಳ್ಳಾಗ ಹಾಕಿದೆ. ಬಾಳ ಹೊತ್ತು ನೋಡಿದ. "ಅಲಲಾ, ತೆಲಿ ಮ್ಯಾಲ ಜುಟ್ಟ ಐತಲ್ಲೋ ಇವಕ್ಕ. ಐವತ್ತು ವರ್ಷ ಆತು ಕಲ್ಲು ಒಗ್ಯಾಕ ಹತ್ತಿ, ಜುಟ್ಟ ನೋಡಿರಲಿಲ್ಲ." ಮತ್ತ ನೋಡಿದ. ಅಷ್ಟೊತ್ತಿಗೆ ಹತ್ತು ಹನ್ನೆರಡು ಕೆಳಗ ಇಳಿದ್ವು. ನಾನು ಮೆಲ್ಲಕ, ತಡಿ ಕಾಕಾ, ಗಿಡದ ಮ್ಯಾಲಿನವು ಎಣಿಸಿಬಿಡ್ತೀನಿ ಅಂದೆ. ಹತ್ತತ್ತರ ಗುಂಪು ಮಾಡಿ ಎಣಿಸ್ಕೋತ ನಾನೂರ ಹತ್ತಕ್ಕ ಬಂದಿದ್ದೆ, ಕಾಕಾ ಡಬ್ಬಿ ಬಡದ.